ಜೀಜಿ ರೀವಾ

ರೀವಾ, ಲುಯೀಜಿ (7 ನವೆಂಬರ್ 1944 - 22 ಜನವರಿ 2024): ಇಟಲಿಯ ಫುಟ್‌ಬಾಲ್ ಆಟಗಾರ, ಎಡಗಾಲಿನ ಫಾರ್ವರ್ಡ್. ಲುಯೀಜಿ ಎಂಬ ಹೆಸರನ್ನು ಮನೆಯಲ್ಲಿ ಮೊಟಕಾಗಿ ಜೀಜಿ ಎಂದು ಕರೆಯುವುದು ಇಟಲಿಯಲ್ಲಿ ವಾಡಿಕೆ. ಈತನನ್ನು ದೇಶವೆಲ್ಲ ಕರೆದದ್ದೂ ಹಾಗೆಯೇ. ಇಟಲಿ ತಂಡದ ಪರ 42 ಪಂದ್ಯಗಳಲ್ಲಿ 35 ಗೋಲು ಹೊಡೆದ. ಆ ತಂಡದ ಅತಿಹೆಚ್ಚು ಗೋಲುಗಳ ದಾಖಲೆ ಇಂದಿಗೂ ಇದೇ. ಸಾರ್ಡೀನಿಯ ದ್ವೀಪದ ಕಾಲ್ಯಾರಿ ಕ್ಲಬ್ಬಿನಲ್ಲಿ 13 ಋತುಗಳನ್ನು ಆಡಿ, 1969-70ರಲ್ಲಿ ಅದು ಇಟಲಿಯ ಲೀಗ್ ಗೆಲ್ಲಲು ಕಾರಣನಾದ. ಕಾಲ್ಯಾರಿಗೆ ಅದರ ಹಿಂದೆಯೂ ಮುಂದೆಯೂ ಇನ್ನೊಂದು ಲೀಗ್ ಪ್ರಶಸ್ತಿ ಸಿಕ್ಕಿಲ್ಲ.

ಹುಟ್ಟಿದ್ದು ಉತ್ತರ ಇಟಲಿಯ ಲೊಂಬಾರ್ದಿ ಪ್ರಾಂತದಲ್ಲಿ, ಮಾಜೊರೆ ಸರೋವರದ ದಡದ ಲೆಜ್ಜೂನೊ ಎಂಬ ಸಣ್ಣ ಊರಿನಲ್ಲಿ. ಎಂಟು ತುಂಬಿ ಒಂಬತ್ತಕ್ಕೆ ಬೀಳುವ ಹೊತ್ತಿಗೆ, 1953ರಲ್ಲಿ, ತಂದೆ ಕಾರ್ಖಾನೆಯ ಅವಘಡದಲ್ಲಿ ತೀರಿಕೊಂಡ. ತಾಯಿ ದುಡಿಮೆಗೆ ಹೋಗಬೇಕಾಯಿತು. ಹುಡುಗನನ್ನು ಪಾದ್ರಿಗಳು ನಡೆಸುತ್ತಿದ್ದ ವಸತಿಶಾಲೆಗೆ ಸೇರಿಸಿದರು. ಅಲ್ಲಿ ಬಡಮಕ್ಕಳು ಉಣ್ಣಬೇಕಾಗಿದ್ದ ಅವಮಾನವನ್ನು ರೀವಾ ಮುಪ್ಪಿನವರೆಗೂ ಮರೆಯಲಿಲ್ಲ. ಹರೆಯ ಮುಗಿಯುವ ಮೊದಲೇ ತಾಯಿಯೂ ಹೋದಳು. ಆಮೇಲೆ ಸಾಕಿದವಳು ಅಕ್ಕ. ಮಾತು ಕಡಿಮೆ, ನಗು ಅಪರೂಪ, ಸಿಗರೇಟು ಮಾತ್ರ ಧಾರಾಳ ಎಂದು ಪತ್ರಿಕೆಯವರು ಮುಂದೆ ವರ್ಣಿಸಿದ ಸ್ವಭಾವದ ಬೇರು ಈ ಬಾಲ್ಯದಲ್ಲಿದೆ.

ಊರ ಪಕ್ಕದ ಲವೇನೊ ಮೊಂಬೆಲ್ಲೊ ತಂಡದಲ್ಲಿ ಆಡಿ ಕಣ್ಣಿಗೆ ಬಿದ್ದ ರೀವಾ 1962ರಲ್ಲಿ ಮೂರನೆಯ ದರ್ಜೆಯ ಲೆನ್ಯಾನೊ ಕ್ಲಬ್ ಸೇರಿದ. ಒಂದು ಋತು ಮುಗಿಯುವ ಮುಂಚೆಯೇ, 1963ರ ಮಾರ್ಚಿನಲ್ಲಿ, ರೋಮಿನಲ್ಲಿ ಸ್ಪೇನಿನ ಕಿರಿಯರ ವಿರುದ್ಧ ಇಟಲಿಯ ಕಿರಿಯರ ತಂಡದಲ್ಲಿ ಆಡುವ ಅವಕಾಶ ಬಂತು. ಕಾಲ್ಯಾರಿ ಕ್ಲಬ್ಬಿನ ಆಂದ್ರೆಯಾ ಆರ್ರಿಕ ಆ ಪಂದ್ಯ ನೋಡಲು ಬಂದಿದ್ದ. ಆಟ ಮುಗಿಯುವವರೆಗೆ ಕಾದರೆ ಬೆಲೆ ಏರೀತೆಂದು ಮಧ್ಯಂತರದಲ್ಲೇ ಲೆನ್ಯಾನೊದ ಅಧ್ಯಕ್ಷನೊಂದಿಗೆ ವ್ಯವಹಾರ ಕುದುರಿಸಿದ ಎನ್ನುತ್ತಾರೆ. ಬೆಲೆ 3 ಕೋಟಿ 70 ಲಕ್ಷ ಲೀರಾ. ಇಟಲಿಯ ಫುಟ್‌ಬಾಲ್ ಚರಿತ್ರೆಯಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ದೊಡ್ಡ ಲಾಭ ತಂದ ಖರೀದಿ ಹೆಚ್ಚಿಲ್ಲ.

ರೀವಾನಿಗೆ ಮಾತ್ರ ಅದು ಲಾಭದಂತೆ ಕಾಣಲಿಲ್ಲ. ಅಂದಿನ ಉತ್ತರ ಇಟಲಿಯವರ ಪಾಲಿಗೆ ಸಾರ್ಡೀನಿಯವೆಂದರೆ ಶಿಕ್ಷೆಯ ವರ್ಗಾವಣೆಯ ಜಾಗ. ತಪ್ಪು ಮಾಡಿದ ಪೋಲೀಸರನ್ನೂ ಗುಮಾಸ್ತರನ್ನೂ ಅಲ್ಲಿಗೆ ಎತ್ತಿಹಾಕುತ್ತಿದ್ದರು. ಶತಮಾನಗಳಿಂದ ದ್ವೀಪವನ್ನು ಕಾಡಿದ ಮಲೇರಿಯ ಡಿಡಿಟಿ ಸಿಂಪಡಣೆಯಿಂದ ತೊಲಗಿ ಆಗಿನ್ನೂ ಹದಿಮೂರು ವರ್ಷ. ಒಳನಾಡಿನ ಬೆಟ್ಟಗಳಲ್ಲಿ ಕುರುಬರು, ಅವರ ನಡುವೆ ಹಣಕ್ಕಾಗಿ ಅಪಹರಣ ಮಾಡುವ ಡಕಾಯಿತರು: ರೋಮ್, ಮಿಲಾನುಗಳ ಪತ್ರಿಕೆಗಳಿಗೆ ದ್ವೀಪದ ಸುದ್ದಿ ಎಂದರೆ ಇಷ್ಟೇ. ಮೊದಲ ಸಲ ರಾತ್ರಿ ವಿಮಾನದಲ್ಲಿ ಇಳಿಯುವಾಗ ಕೆಳಗೆ ಕಂಡ ಬೆರಳೆಣಿಕೆಯ ದೀಪಗಳನ್ನು ನೋಡಿ ಆಫ್ರಿಕಕ್ಕೆ ಬಂದೆನೆಂದುಕೊಂಡೆ ಎಂದು ರೀವಾ ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾನೆ. ಒಂದು ವರ್ಷ ಇದ್ದು ಹೊರಡುವುದು ಆತನ ಲೆಕ್ಕ. ಸತ್ತದ್ದೂ ಅಲ್ಲೇ, ಅರವತ್ತು ವರ್ಷಗಳ ಮೇಲೆ.

ಕಾಲ್ಯಾರಿ ಆಗ ಎರಡನೆಯ ದರ್ಜೆಯ ಸೇರಿಯೆ ಬಿ ಲೀಗಿನಲ್ಲಿತ್ತು. ಕೋಚ್ ಆರ್ತೂರೊ ಸಿಲ್ವೆಸ್ತ್ರಿಯ ಕೈಯಲ್ಲಿ 1964ರಲ್ಲಿ ಅದು ಇತಿಹಾಸದಲ್ಲೇ ಮೊದಲ ಬಾರಿಗೆ ಮೇಲಿನ ಸೇರಿಯೆ ಎ ಲೀಗಿಗೆ ಏರಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ರೋಮಾ ತಂಡದ ವಿರುದ್ಧ ರೀವಾನ ಸೇರಿಯೆ ಎ ಬದುಕು ಆರಂಭವಾಯಿತು; ಮರುವರ್ಷ ಜೂನಿನಲ್ಲಿ ಬುಡಾಪೆಸ್ಟಿನಲ್ಲಿ ಹಂಗೆರಿಯ ವಿರುದ್ಧ ರಾಷ್ಟ್ರೀಯ ತಂಡದ ಬಾಗಿಲೂ ತೆರೆಯಿತು. ಬಾಗಿಲು ತೆರೆದರೂ ಒಳಗೆ ಜಾಗ ಸಿಗಲು ಕಾಯಬೇಕಾಯಿತು. 1966ರ ವಿಶ್ವಕಪ್ಪಿಗೆ ಇಂಗ್ಲೆಂಡಿಗೆ ಹೋದದ್ದು ಪಟ್ಟಿಯ ಹೊರಗಿನ ಹೆಚ್ಚುವರಿ ಹುಡುಗನಾಗಿ. ಉತ್ತರ ಕೊರಿಯದ ಎದುರು ಇಟಲಿ ಸೋತು ತಲೆತಗ್ಗಿಸಿದ್ದನ್ನು ಆತ ಹೊರಗೆ ಕೂತು ನೋಡಿದ. ಆ ಸೋಲಿನ ಬೇಗೆಯಲ್ಲಿ ಇಟಲಿಯ ಒಕ್ಕೂಟ ಹೊಸದಾಗಿ ವಿದೇಶಿ ಆಟಗಾರರನ್ನು ತರಿಸುವುದನ್ನೇ ನಿಲ್ಲಿಸಿತು. 1980ರವರೆಗೆ ಆ ಬಾಗಿಲು ಮುಚ್ಚಿಯೇ ಇತ್ತು. ಸಣ್ಣ ಊರಿನ ಕ್ಲಬ್ಬುಗಳಿಗೆ ಇದು ವರವಾಯಿತೆಂಬುದನ್ನು ಕಾಲ್ಯಾರಿಯ ಗೆಲುವಿನ ಕತೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಹಣವಿದ್ದ ಉತ್ತರದ ಕ್ಲಬ್ಬುಗಳು ಹೊರದೇಶದ ಪ್ರತಿಭೆಯನ್ನು ಕೊಳ್ಳುವಂತಿರಲಿಲ್ಲ. ದೇಶದೊಳಗಿನ ಒಬ್ಬ ಅಸಾಧಾರಣ ಫಾರ್ವರ್ಡನ ಬೆಲೆ ಹಿಂದೆಂದಿಗಿಂತ ಹೆಚ್ಚಾಗಿತ್ತು, ಅವನು ಕಾಲ್ಯಾರಿಯ ಬಳಿಯಿದ್ದ.

ರೀವಾ ಆಡಿದ್ದು 11ನೆಯ ನಂಬರಿನ ಅಂಗಿಯಲ್ಲಿ. ಮೊದಲಿಗೆ ಎಡಗಡೆಯ ವಿಂಗರ್. ಗೆರೆಯ ಪಕ್ಕದಲ್ಲಿ ಓಡಿ ಮಧ್ಯಕ್ಕೆ ಚೆಂಡು ತೂರುವುದು ವಿಂಗರನ ಕಸುಬು. ಈತ ಆ ಕಸುಬನ್ನು ಬಿಟ್ಟು ಕರ್ಣದ ಹಾದಿಯಲ್ಲಿ ಗೋಲಿನ ಕಡೆಗೇ ನುಗ್ಗತೊಡಗಿದ. ಸಿಲ್ವೆಸ್ತ್ರಿ ಅದನ್ನು ತಡೆಯದೆ ಬೆಳೆಸಿದ. ಬಲಗಾಲು ನೆಲ ಊರುವುದಕ್ಕಷ್ಟೇ ಇದೆ ಎಂಬ ತಮಾಷೆ ಇತ್ತು. ಎಡಗಾಲು ಎಲ್ಲವನ್ನೂ ಮಾಡುತ್ತಿತ್ತು: ಗಾಳಿಯಲ್ಲಿರುವ ಚೆಂಡನ್ನು ನೆಲ ಮುಟ್ಟುವ ಮೊದಲೇ ಹೊಡೆಯುವುದು, ಫ್ರೀ ಕಿಕ್, ಪೆನಾಲ್ಟಿ, ದೂರದ ಹೊಡೆತ. ಜೊತೆಗೆ ಬಲವಾದ ಹೆಡರ್. ಚೆಂಡಿಗೆ ಹಾರುವಾಗ ಎದುರಾಳಿಯ ಬೂಟು ತಲೆಯ ಮಟ್ಟದಲ್ಲಿದೆಯೇ ಎಂದು ನೋಡುವ ಅಭ್ಯಾಸವೇ ಇರಲಿಲ್ಲ. ಆತ ಹೊಡೆದ ಚೆಂಡು ತಗುಲಿ ಗೋಲಿನ ಹಿಂದೆ ನಿಂತಿದ್ದ ಬಾಲಕನೊಬ್ಬನ ತೋಳು ಮುರಿಯಿತೆಂಬ ಕತೆಯನ್ನು ಇಟಲಿಯಲ್ಲಿ ಈಗಲೂ ಹೇಳುತ್ತಾರೆ. ಡ್ರಿಬಲ್ ಮಾಡಿ ಎದುರಾಳಿಯನ್ನು ಮರುಳುಗೊಳಿಸುವ ಆಟ ಇದಲ್ಲ. ಜಾನಿ ರಿವೇರ, ಸಾಂದ್ರೊ ಮಾತ್ಸೊಲರಂಥ ಸಮಕಾಲೀನರ ಕಾಲುಗಳಲ್ಲಿ ಕಲೆ ಹೆಚ್ಚಿತ್ತು, ರೀವಾನಲ್ಲಿದ್ದದ್ದು ನೇರತನ. ಗೋಲು ಕಂಡರೆ ಸಾಕು, ಮಿಕ್ಕ ಲೆಕ್ಕಾಚಾರವಿಲ್ಲ.

ಈ ನೇರತನಕ್ಕೆ ತೆತ್ತ ಬೆಲೆ ಮೂಳೆಗಳ ಲೆಕ್ಕದಲ್ಲಿದೆ. 1966-67ರಲ್ಲಿ 18 ಗೋಲುಗಳಿಂದ ಮೊದಲ ಬಾರಿಗೆ ಸೇರಿಯೆ ಎ ಲೀಗಿನ ಅಗ್ರ ಗೋಲುಗಾರನಾದ ಋತುವಿನಲ್ಲೇ, ಮಾರ್ಚ್ 27ರಂದು ರೋಮಿನಲ್ಲಿ ಪೋರ್ಚುಗಲ್ ವಿರುದ್ಧ ಆಡುತ್ತ ಗೋಲ್‌ಕೀಪರನಿಗೆ ಡಿಕ್ಕಿಯಾಗಿ ಎಡಗಾಲು ಮುರಿಯಿತು. ಆ ಬೇಸಿಗೆಯಲ್ಲಿ ಕಾಲ್ಯಾರಿಯ ಆಟಗಾರರು ಅಮೆರಿಕಕ್ಕೆ ಹೋಗಿ ಷಿಕಾಗೊ ಮಸ್ಟ್ಯಾಂಗ್ಸ್ ಎಂಬ ಹೆಸರು ಹೊತ್ತು ಅಲ್ಲಿನ ಹೊಸ ಲೀಗೊಂದರಲ್ಲಿ ಆಡಿದ್ದೊಂದು ವಿಚಿತ್ರ ಉಪಕತೆ. ಅದರಲ್ಲಿ ಮಿಂಚಿದವನು ರೀವಾನ ಜೊತೆಗಾರ ರೋಬೆರ್ತೊ ಬೋನಿನ್ಸೆನ್ಯ.

ನವೆಂಬರ್ ಹೊತ್ತಿಗೆ ಕಾಲು ಕೂಡಿಕೊಂಡಿತ್ತು. ಕೊಸೆಂತ್ಸದಲ್ಲಿ ಸೈಪ್ರಸ್ ವಿರುದ್ಧ ಮೂರು ಗೋಲು ಹೊಡೆದು ರಾಷ್ಟ್ರೀಯ ತಂಡದ ಖಾತೆ ತೆರೆದ. ಅದೇ ತಿಂಗಳು ಸ್ವಿಟ್ಜರ್ಲೆಂಡ್ ವಿರುದ್ಧ ಇನ್ನೆರಡು. 1968ರ ಯೂರೋಪ್ ಚಾಂಪಿಯನ್‌ಷಿಪ್ ಇಟಲಿಯಲ್ಲೇ ನಡೆಯಿತು. ನೇಪಲ್ಸಿನಲ್ಲಿ ಸೋವಿಯತ್ ಒಕ್ಕೂಟದ ಎದುರಿನ ಸೆಮಿಫೈನಲ್ ಗೋಲಿಲ್ಲದೆ ಮುಗಿದು, ನಾಣ್ಯ ಚಿಮ್ಮಿ ವಿಜೇತರನ್ನು ತೀರ್ಮಾನಿಸಿದರು. ಅದೃಷ್ಟ ಇಟಲಿಯ ಪಾಲಿಗೆ ಬಂತು. ಯುಗೋಸ್ಲಾವಿಯ ವಿರುದ್ಧದ ಫೈನಲ್ 1-1ರಲ್ಲಿ ಸಮವಾಯಿತು. ಆ ಪಂದ್ಯದಲ್ಲಿ ರೀವಾ ಇರಲಿಲ್ಲ. ಎರಡು ದಿನಗಳ ಬಳಿಕ, ಜೂನ್ 10ರಂದು, ರೋಮಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ ನಡೆದ ಮರುಪಂದ್ಯಕ್ಕೆ ಆತನನ್ನು ಇಳಿಸಿದರು. ಹನ್ನೆರಡನೆಯ ನಿಮಿಷದಲ್ಲೇ ಗೋಲು. ಪಿಯೆತ್ರೊ ಅನಾಸ್ತಾಸಿ ಇನ್ನೊಂದನ್ನು ಸೇರಿಸಿದ, 2-0. ಇಟಲಿ ಯೂರೋಪಿನ ಚಾಂಪಿಯನ್ ಆಯಿತು. ಅದು ಮತ್ತೆ ಆ ಕಪ್ ಎತ್ತಿದ್ದು 2021ರಲ್ಲಿ.

ಈ ನಡುವೆ ಕಾಲ್ಯಾರಿಗೆ ಮಾನ್ಲಿಯೊ ಸ್ಕೋಪಿನ್ಯೊ ಕೋಚ್ ಆಗಿ ಬಂದಿದ್ದ. ಜನ ಅವನನ್ನು ‘ತತ್ತ್ವಜ್ಞಾನಿ’ ಎಂದೇ ಕರೆಯುತ್ತಿದ್ದರು. ಪಂದ್ಯದ ಹಿಂದಿನ ರಾತ್ರಿ ಆಟಗಾರರನ್ನು ಶಾಲಾಮಕ್ಕಳಂತೆ ಕೂಡಿಹಾಕುವ ಪದ್ಧತಿಯಲ್ಲಿ ಅವನಿಗೆ ನಂಬಿಕೆಯಿರಲಿಲ್ಲ. ಒಮ್ಮೆ ತಡರಾತ್ರಿ ಹೋಟೆಲಿನ ಕೋಣೆಯ ಬಾಗಿಲು ತೆರೆದಾಗ ಒಳಗೆ ಇಸ್ಪೀಟು, ದಟ್ಟ ಹೊಗೆ, ಅರ್ಧ ತಂಡ. ಗದರುವ ಬದಲು, ನಾನೂ ಒಂದು ಸಿಗರೇಟು ಹಚ್ಚಿದರೆ ನಿಮಗೇನೂ ತೊಂದರೆಯಿಲ್ಲವಲ್ಲ ಎಂದು ಕೇಳಿದನಂತೆ. ಆಟಗಾರರು ನಾಚಿ ಎದ್ದು ಮಲಗಲು ಹೋದರು ಎಂಬುದು ಆ ತಂಡದವರೇ ಹೇಳಿಕೊಂಡು ಬಂದ ಕತೆ.

1968-69ರಲ್ಲಿ ಕಾಲ್ಯಾರಿ ಫಿಯೊರೆಂತೀನದ ಹಿಂದೆ ಎರಡನೆಯ ಸ್ಥಾನ ಪಡೆಯಿತು. ರೀವಾ ಮತ್ತೆ ಅಗ್ರ ಗೋಲುಗಾರ. ಮರುಋತುವಿಗೆ ಮುನ್ನ ಆರ್ರಿಕ ಇನ್ನೊಂದು ಜಾಣ ವ್ಯಾಪಾರ ಮಾಡಿದ: ಬೋನಿನ್ಸೆನ್ಯನನ್ನು ಇಂತೆರ್ ಕ್ಲಬ್ಬಿಗೆ ಕೊಟ್ಟು, ಬದಲಿಗೆ ಆಂಜೆಲೊ ದೊಮೆಂಗೀನಿ, ಸೆರ್ಜೊ ಗೋರಿ, ಚೇಸರೆ ಪೋಲಿ ಎಂಬ ಮೂವರನ್ನು ತಂದ. ಒಬ್ಬ ಗೋಲುಗಾರ ಹೋದ. ಇನ್ನೊಬ್ಬ ಗೋಲುಗಾರನಿಗೆ ಚೆಂಡು ಒದಗಿಸುವವರು ಬಂದರು. ಹಿಂದೆ ಗೋಲ್‌ಕೀಪರ್ ಎನ್ರೀಕೊ ಆಲ್ಬೆರ್ತೋಸಿ; ನಡುವೆ ನಾಯಕ ಪಿಯೆರ್ಲುಯೀಜಿ ಚೇರ, ಬ್ರೆಜಿಲಿನಿಂದ ಬಂದಿದ್ದ ನೆನೆ, ರಿಚ್ಚೊತ್ತಿ ಗ್ರೆಯಾತ್ತಿ. ನೆನೆ ಬಂದದ್ದು ವಿದೇಶಿಯರ ಮೇಲಿನ ನಿರ್ಬಂಧಕ್ಕೆ ಮೊದಲು.

1969-70ರ ಋತುವನ್ನು ರೀವಾನ ಒಂಟಿ ಸಾಹಸವೆಂದು ಬರೆಯುವುದು ರೂಢಿ. ಅಂಕಿಗಳು ಅಷ್ಟು ಸರಳವಾಗಿಲ್ಲ. 30 ಪಂದ್ಯಗಳಲ್ಲಿ ಕಾಲ್ಯಾರಿ ಹೊಡೆದದ್ದು 42 ಗೋಲು. ಅದರಲ್ಲಿ 21 ರೀವಾನದು, ಸರಿಯಾಗಿ ಅರ್ಧ. ಆದರೆ ಅದೇ 30 ಪಂದ್ಯಗಳಲ್ಲಿ ತಂಡ ಬಿಟ್ಟುಕೊಟ್ಟದ್ದು 11 ಗೋಲು ಮಾತ್ರ. ಸೋತದ್ದು ಎರಡೇ ಪಂದ್ಯ. ಗೆದ್ದದ್ದು 17, ಸಮ 11. ಗೋಲು ಬಿಡದ ತಂಡಕ್ಕೆ ಒಂದು ಗೋಲು ಸಾಕು; ಆ ಒಂದನ್ನು ತಪ್ಪದೆ ತರುವವನು ಎಡಗಡೆಯಲ್ಲಿದ್ದ. ಈ ಎರಡರಲ್ಲಿ ಒಂದಿಲ್ಲದಿದ್ದರೂ ಪ್ರಶಸ್ತಿ ಟುರಿನಿಗೋ ಮಿಲಾನಿಗೋ ಹೋಗುತ್ತಿತ್ತು.

ಜನವರಿ 18ರಂದು ವಿಚೆಂತ್ಸದಲ್ಲಿ ರೀವಾ ಹೊಡೆದ ಗೋಲಿನ ಚಿತ್ರ ಇಂದಿಗೂ ಸಾರ್ಡೀನಿಯದ ಬಾರುಗಳ ಗೋಡೆಯಲ್ಲಿ ನೇತಾಡುತ್ತದೆ: ಗೋಲಿಗೆ ಬೆನ್ನು ಮಾಡಿ, ಮೈಯನ್ನು ಗಾಳಿಯಲ್ಲಿ ಅಡ್ಡ ಮಲಗಿಸಿ, ತಲೆಯ ಮೇಲಿಂದ ಎಡಗಾಲು ಬೀಸಿದ ಹೊಡೆತ. ಅಂದದಲ್ಲಿ ಅದು ದೊಡ್ಡದು. ಆದರೆ ಋತುವಿನ ನಿಜವಾದ ತಿರುವು ಮಾರ್ಚ್ 15ರಂದು ಟುರಿನಿನಲ್ಲಿ, ಬೆನ್ನಟ್ಟಿ ಬರುತ್ತಿದ್ದ ಯುವೆಂತುಸ್ ವಿರುದ್ಧ. ಕಾಲ್ಯಾರಿಯ ಡಿಫೆಂಡರ್ ಕೊಮುನಾರ್ದೊ ನಿಕ್ಕೊಲಾಯಿ ತನ್ನ ಗೋಲಿಗೇ ಚೆಂಡು ಹೊಡೆದುಕೊಂಡ. ಈ ವಿಷಯದಲ್ಲಿ ಅವನಿಗೆ ದೇಶಪ್ರಸಿದ್ಧ ಖ್ಯಾತಿಯಿತ್ತು. ರೀವಾ ಸಮ ಮಾಡಿದ. ರೆಫರಿ ಕೊಂಚೆತ್ತೊ ಲೊ ಬೆಲ್ಲೊ ಯುವೆಂತುಸ್‌ಗೆ ಪೆನಾಲ್ಟಿ ಕೊಟ್ಟ. ಹೆಲ್ಮುಟ್ ಹಾಲರ್ ಹೊಡೆದದ್ದನ್ನು ಆಲ್ಬೆರ್ತೋಸಿ ತಡೆದ. ಇನ್ನೊಮ್ಮೆ ಹೊಡೆಯಿರಿ ಎಂದ ರೆಫರಿ. ಈ ಸಲ ಅನಾಸ್ತಾಸಿ ಗುರಿ ತಪ್ಪಲಿಲ್ಲ. ಆಲ್ಬೆರ್ತೋಸಿ ಅಳುವಷ್ಟು ಸಿಟ್ಟಾದ. ಆಟ ಮುಗಿಯುತ್ತ ಬಂದಾಗ ಅದೇ ರೆಫರಿ ಕಾಲ್ಯಾರಿಗೂ ಪೆನಾಲ್ಟಿ ಕೊಟ್ಟ. ರೀವಾ ಅದನ್ನು ಗೋಲಾಗಿಸಿದ. 2-2. ಮುನ್ನಡೆ ಉಳಿಯಿತು.

ಏಪ್ರಿಲ್ 12ರಂದು ಕಾಲ್ಯಾರಿಯ ಆಮ್ಸಿಕೋರ ಮೈದಾನದಲ್ಲಿ ಬಾರಿ ತಂಡವನ್ನು 2-0ರಿಂದ ಸೋಲಿಸಿದಾಗ, ಎರಡು ಪಂದ್ಯ ಬಾಕಿಯಿರುವಂತೆಯೇ ಲೀಗ್ ಕೈಸೇರಿತ್ತು. ಗೋಲು ಹೊಡೆದವರು ರೀವಾ ಮತ್ತು ಗೋರಿ. ಕ್ರಿಸ್ತಪೂರ್ವ 215ರಲ್ಲಿ ರೋಮನರ ವಿರುದ್ಧ ದಂಗೆಯೆದ್ದ ಸಾರ್ಡೀನಿಯದ ನಾಯಕನ ಹೆಸರನ್ನು ಹೊತ್ತ ಮೈದಾನ ಅದು; ಅಲ್ಲಿ ರಾಜಧಾನಿಯ ದಕ್ಷಿಣಕ್ಕಿರುವ ತಂಡವೊಂದು ಮೊದಲ ಬಾರಿಗೆ ಇಟಲಿಯನ್ನು ಗೆದ್ದಿತು. ದಕ್ಷಿಣದ ಮುಂದಿನ ಗೆಲುವು 1987ರಲ್ಲಿ, ಮರಡೋನನ ನಾಪೊಲಿಯದು. ದುಡಿಮೆಗಾಗಿ ಟುರಿನ್, ಮಿಲಾನ್, ಜರ್ಮನಿ, ಬೆಲ್ಜಿಯಂಗಳಿಗೆ ವಲಸೆ ಹೋಗಿದ್ದ ಸಾರ್ಡೀನಿಯದ ಕೂಲಿಕಾರರು ಉತ್ತರದ ಮೈದಾನಗಳಿಗೆ ಹೋಗಿ ಕಾಲ್ಯಾರಿಯ ಕೆಂಪು-ನೀಲಿ ಬಾವುಟ ಬೀಸುತ್ತಿದ್ದರು. ಡಕಾಯಿತರ ನಾಡು ಎಂದು ಪತ್ರಿಕೆಗಳಲ್ಲಿ ಓದಿಸಿಕೊಂಡಿದ್ದ ದ್ವೀಪದವರು ಮೊದಲ ಸಲ ತಮ್ಮ ಊರಿನ ಹೆಸರನ್ನು ಗಟ್ಟಿಯಾಗಿ ಹೇಳಿಕೊಂಡರು.

ಆ ಬೇಸಿಗೆ ಮೆಕ್ಸಿಕೊಗೆ ಹೋದ ಇಟಲಿಯ ವಿಶ್ವಕಪ್ ತಂಡದಲ್ಲಿ ಕಾಲ್ಯಾರಿಯವರೇ ಆರು ಮಂದಿ. ಗುಂಪಿನ ಮೂರು ಪಂದ್ಯಗಳಲ್ಲಿ ಇಟಲಿ ಹೊಡೆದದ್ದು ಒಂದೇ ಗೋಲು, ಅದು ದೊಮೆಂಗೀನಿಯದು, ರೀವಾ ಮಂಕಾಗಿದ್ದ. ಕ್ವಾರ್ಟರ್ ಫೈನಲಿನಲ್ಲಿ ಆತಿಥೇಯ ಮೆಕ್ಸಿಕೊ ವಿರುದ್ಧ ಎರಡು ಗೋಲು ಬಂದವು. ಜೂನ್ 17ರಂದು ಆಜ್ತೇಕ ಕ್ರೀಡಾಂಗಣದಲ್ಲಿ ಪಶ್ಚಿಮ ಜರ್ಮನಿಯ ಎದುರಿನ ಸೆಮಿಫೈನಲನ್ನು ಇಟಲಿಯವರು ‘ಶತಮಾನದ ಪಂದ್ಯ’ ಎನ್ನುತ್ತಾರೆ. ಹೆಚ್ಚುವರಿ ಸಮಯವೊಂದರಲ್ಲೇ ಐದು ಗೋಲು. 104ನೆಯ ನಿಮಿಷದಲ್ಲಿ ಎದುರಾಳಿಯನ್ನು ಒಂದೇ ಹೆಜ್ಜೆಯಲ್ಲಿ ಹಿಂದೆ ಹಾಕಿ, ಎಡಗಾಲಿನಿಂದ ದೂರದ ಮೂಲೆಗೆ ತಳ್ಳಿ ರೀವಾ ಇಟಲಿಗೆ 3-2ರ ಮುನ್ನಡೆ ತಂದ; ಗರ್ಡ್ ಮುಲ್ಲರ್ ಸಮ ಮಾಡಿದ, ರಿವೇರ ಮರುಗಳಿಗೆಯೇ 4-3 ಮಾಡಿ ಮುಗಿಸಿದ. ನಾಲ್ಕು ದಿನ ಕಳೆದು ಫೈನಲಿನಲ್ಲಿ ಪೆಲೆಯ ಬ್ರೆಜಿಲ್ ಎದುರು 4-1ರ ಸೋಲು. ದಣಿದ ಕಾಲುಗಳಿಗೆ ಆ ತಂಡ ಎಟುಕುವಂತಿರಲಿಲ್ಲ.

ಯೂರೋಪಿನ ಶ್ರೇಷ್ಠ ಆಟಗಾರನಿಗೆ ಕೊಡುವ ಚಿನ್ನದ ಚೆಂಡು ಎರಡು ಬಾರಿ ಕೈತಪ್ಪಿತು. 1969ರಲ್ಲಿ ರಿವೇರನಿಗಿಂತ ನಾಲ್ಕು ಮತಗಳಿಂದ ಹಿಂದೆ ಬಿದ್ದ. 1970ರಲ್ಲಿ ಮುಲ್ಲರ್, ಬಾಬಿ ಮೂರ್ ಇವರ ನಂತರ ಮೂರನೆಯವ.

1970ರ ಅಕ್ಟೋಬರಿನ ಕೊನೆಯ ವಾರ ಈ ಬದುಕಿನ ಏಳುಬೀಳು ಎರಡನ್ನೂ ತೋರಿಸಿತು. 25ರಂದು ಮಿಲಾನಿನಲ್ಲಿ ಇಂತೆರ್ ವಿರುದ್ಧ ಕಾಲ್ಯಾರಿ 3-1ರಿಂದ ಗೆದ್ದಿತು, ರೀವಾನದು ಎರಡು ಗೋಲು. ಇಟಲಿಯ ಕ್ರೀಡಾ ಬರವಣಿಗೆಗೆ ಹೊಸ ಪದಕೋಶವನ್ನೇ ಕೊಟ್ಟ ಜಾನಿ ಬ್ರೇರ ಆ ಪಂದ್ಯದ ಬಗ್ಗೆ ಬರೆಯುತ್ತ ರೀವಾನಿಗೆ ‘ಗುಡುಗಿನ ಮೊರೆತ’ ಎಂಬ ಅರ್ಥದ ‘ರೊಂಬೊ ದಿ ತುವೊನೊ’ ಎಂದು ಹೆಸರಿಟ್ಟ. ಆರು ದಿನಗಳ ಮೇಲೆ, 31ರಂದು, ವಿಯೆನ್ನದಲ್ಲಿ ಆಸ್ಟ್ರಿಯ ವಿರುದ್ಧ ಹಿಂದಿನಿಂದ ಬಂದ ನೋರ್ಬರ್ಟ್ ಹೋಫ್‌ನ ಟ್ಯಾಕಲ್ ಬಲಗಾಲನ್ನು ಮುರಿಯಿತು. ಎರಡು ಕಾಲುಗಳೂ ದೇಶದ ಅಂಗಿ ತೊಟ್ಟಾಗಲೇ ಮುರಿದವು. ನಾಲ್ಕು ದಿನ ಕಳೆದು ಮ್ಯಾಡ್ರಿಡ್ಡಿನಲ್ಲಿ ಆಟ್ಲೆಟಿಕೊ ತಂಡದೆದುರು ಯೂರೋಪಿಯನ್ ಕಪ್ ಪಂದ್ಯವಿತ್ತು. ರೀವಾ ಇಲ್ಲದ ಕಾಲ್ಯಾರಿ 3-0ರಿಂದ ಸೋತು ಹೊರಬಿತ್ತು. ಮತ್ತೊಮ್ಮೆ ಲೀಗ್ ಗೆಲ್ಲುವ ಆಸೆಯೂ ಅಲ್ಲಿಗೇ ಮುಗಿಯಿತೆನ್ನಬಹುದು.

ಆದರೂ 1971-72ರಲ್ಲಿ ರೀವಾ ಮತ್ತೆ 21 ಗೋಲು ಹೊಡೆದ. ಯುವೆಂತುಸ್ ಬೆನ್ನುಬಿಡದೆ ಕರೆಯುತ್ತಿತ್ತು. 1973ರಲ್ಲಿ ಎರಡು ಕ್ಲಬ್ಬುಗಳ ನಡುವೆ ಮಾತು ಬಹುಮಟ್ಟಿಗೆ ಕುದುರಿಯೇ ಹೋಗಿತ್ತು. ರೀವಾ ಒಲ್ಲೆ ಎಂದ. ಕುರುಬರೂ ಮೀನುಗಾರರೂ ತನ್ನನ್ನು ಮನೆಮಗನಂತೆ ಕಂಡ ಜಾಗವನ್ನು ಬಿಡಲು ಮನಸ್ಸು ಬರಲಿಲ್ಲ ಎಂಬುದು ಆತ ಕೊಟ್ಟ ಕಾರಣ. ಇದನ್ನು ತ್ಯಾಗವೆಂದು ಹಾಡಿ ಹೊಗಳುವವರಿದ್ದಾರೆ. ಅನಾಥನಾಗಿ ಬೆಳೆದವನೊಬ್ಬ ಮನೆ ಸಿಕ್ಕ ಮೇಲೆ ಅದನ್ನು ಬಿಡಲೊಲ್ಲದ್ದು ತ್ಯಾಗಕ್ಕಿಂತ ಸಹಜ ವಿವೇಕವೆಂದು ತೋರುತ್ತದೆ. ಪದಕಗಳ ಲೆಕ್ಕದಲ್ಲಿ ನಷ್ಟವಾದದ್ದು ನಿಜ: ಆ ದಶಕದಲ್ಲಿ ಯುವೆಂತುಸ್ ಐದು ಬಾರಿ ಲೀಗ್ ಗೆದ್ದಿತು, ಕಾಲ್ಯಾರಿ ವರ್ಷದಿಂದ ವರ್ಷಕ್ಕೆ ಇಳಿಯಿತು.

ರಾಷ್ಟ್ರೀಯ ತಂಡದಲ್ಲಿ 1930ರ ದಶಕದ ದಂತಕತೆ ಜುಸೆಪ್ಪೆ ಮೆಯಾತ್ಸ 53 ಪಂದ್ಯಗಳಲ್ಲಿ 33 ಗೋಲು ಹೊಡೆದಿದ್ದ. ರೀವಾ 1973ರಲ್ಲಿ ಅದನ್ನು ದಾಟಿದ. ಆ ವರ್ಷ ಲಕ್ಸೆಂಬರ್ಗ್ ವಿರುದ್ಧ ಒಂದೇ ಪಂದ್ಯದಲ್ಲಿ ನಾಲ್ಕು ಗೋಲು ಬಂದಿದ್ದವು. ಅಕ್ಟೋಬರ್ 20ರಂದು ರೋಮಿನಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ಹೊಡೆದದ್ದು ಮೂವತ್ತೈದನೆಯದು, ಕೊನೆಯದು. ಬಳಿಕ ಬಂದ ರೋಬೆರ್ತೊ ಬಾಜೊ 56 ಪಂದ್ಯಗಳಲ್ಲಿ, ಅಲೆಸ್ಸಾಂದ್ರೊ ದೆಲ್ ಪಿಯೆರೊ 91 ಪಂದ್ಯಗಳಲ್ಲಿ ತಲಾ 27ಕ್ಕೆ ನಿಂತರು. ಸಣ್ಣ ದೇಶಗಳ ವಿರುದ್ಧ ಗೋಲು ಗುಡ್ಡೆಹಾಕಿದ ಎಂಬ ಆಕ್ಷೇಪ ಪೂರ್ತಿ ಸುಳ್ಳಲ್ಲ. ಆದರೆ ಯೂರೋಪ್ ಫೈನಲ್, ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್, ಸೆಮಿಫೈನಲ್ ಮೂರರಲ್ಲೂ ಗೋಲು ಹೊಡೆದವನ ಮೇಲೆ ಆ ಆಕ್ಷೇಪ ಹೆಚ್ಚು ಹೊತ್ತು ನಿಲ್ಲದು. 1974ರ ವಿಶ್ವಕಪ್ಪಿನಲ್ಲಿ ಹೈತಿ ಮತ್ತು ಅರ್ಜೆಂಟೀನ ವಿರುದ್ಧ ಆಡಿದ ನಂತರ ತಂಡದಿಂದ ಕೈಬಿಟ್ಟರು. ಮತ್ತೆ ಕರೆಯಲಿಲ್ಲ.

1976ರ ಫೆಬ್ರವರಿ 1ರಂದು ಮಿಲಾನ್ ವಿರುದ್ಧದ ಪಂದ್ಯದಲ್ಲಿ ಚೆಂಡಿನ ಹಿಂದೆ ಓಡುತ್ತಿದ್ದಾಗ ಬಲತೊಡೆಯ ಸ್ನಾಯುರಜ್ಜು ಹರಿಯಿತು. ವಯಸ್ಸು 31. ಮರಳುವ ಪ್ರಯತ್ನ ಫಲಿಸಲಿಲ್ಲ. ಆ ಋತುವಿನ ಕೊನೆಗೆ ಕಾಲ್ಯಾರಿ ಸೇರಿಯೆ ಬಿ ಲೀಗಿಗೆ ಜಾರಿತು. ಸೇರಿಯೆ ಎ ಲೀಗಿನಲ್ಲಿ ರೀವಾನ ಒಟ್ಟು ಲೆಕ್ಕ 289 ಪಂದ್ಯ, 156 ಗೋಲು.

ನಿವೃತ್ತಿಯ ನಂತರವೂ ಕಾಲ್ಯಾರಿಯಲ್ಲೇ ನೆಲೆಸಿ ಮಕ್ಕಳಿಗೆ ಫುಟ್‌ಬಾಲ್ ಶಾಲೆ ತೆರೆದ. 1986-87ರಲ್ಲಿ ಸ್ವಲ್ಪ ಕಾಲ ಕ್ಲಬ್ಬಿನ ಅಧ್ಯಕ್ಷನೂ ಆಗಿದ್ದ. ಮುಂದೆ 2013ರವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ರಾಷ್ಟ್ರೀಯ ತಂಡದ ಜೊತೆ ಮ್ಯಾನೇಜರಾಗಿ ತಿರುಗಿದ. ಕೋಚುಗಳು ಬದಲಾದರು, ಈತ ಉಳಿದ. ಪೆನಾಲ್ಟಿಗಳಲ್ಲಿ ಸೋತ 1994ರ ವಿಶ್ವಕಪ್ ಫೈನಲನ್ನೂ ಪೆನಾಲ್ಟಿಗಳಲ್ಲೇ ಗೆದ್ದ 2006ರ ಫೈನಲನ್ನೂ ತಂಡದೊಳಗಿನವನಾಗಿ ಕಂಡ. ಪ್ರಚಾರದ ಗೀಳು ಇರಲಿಲ್ಲ. ಚಿತ್ರ ನಿರ್ದೇಶಕ ಫ್ರಾಂಕೊ ಜೆಫಿರೆಲ್ಲಿ ಸಂತ ಫ್ರಾನ್ಸಿಸನ ಪಾತ್ರಕ್ಕೆ ಕರೆದಾಗ ಒಲ್ಲೆನೆಂದವನ ಮೇಲೆ 2022ರಲ್ಲಿ ರಿಕ್ಕಾರ್ದೊ ಮಿಲಾನಿ ಸಾಕ್ಷ್ಯಚಿತ್ರವೊಂದನ್ನು ತೆಗೆದ. ಬ್ರೇರ ಇಟ್ಟ ಬಿರುದೇ ಅದರ ಶೀರ್ಷಿಕೆಯಲ್ಲಿದೆ.

2024ರ ಜನವರಿ 22ರಂದು ಕಾಲ್ಯಾರಿಯಲ್ಲಿ ತೀರಿಕೊಂಡ, ವಯಸ್ಸು 79. ಬೊನಾರಿಯ ಮಾತೆಯ ಬಸಿಲಿಕದಲ್ಲಿ ನಡೆದ ಅಂತ್ಯಕ್ರಿಯೆಗೆ ಸಾವಿರಾರು ಜನ ಸೇರಿದ್ದರು. ರೀವಾ ತೊಟ್ಟಿದ್ದ 11ನೆಯ ನಂಬರಿನ ಅಂಗಿಯನ್ನು ಕಾಲ್ಯಾರಿ ಕ್ಲಬ್ 2005ರಿಂದ ಬೇರೆ ಯಾರಿಗೂ ಕೊಟ್ಟಿಲ್ಲ.